ತ್ಯಾಗವೂ ತ್ಯಾಜ್ಯವೂ

‘ತ್ಯಾಗ’ ‘ತ್ಯಾಜ್ಯ’ ಎಂಬ ಶಬ್ದಗಳೆರಡೂ ಒಂದೇ ಧಾತುವಿನಿಂದ ಹುಟ್ಟಿದವು. ಆದರೂ ಲೋಕದಲ್ಲಿ ಇವುಗಳಿಗೆ ಸಲ್ಲುವ ಮರ್ಯಾದೆಯಲ್ಲಿ ಅಜಗಜಾಂತರವಿದೆ. ತ್ಯಾಗಮಾಡಿದವನನ್ನು ಜನರು ಕೊಂಡಾಡುವರು. ತ್ಯಾಜ್ಯವಾದ ವಸ್ತುವನ್ನು ಕಾಲಿನಿಂದ ಸರಿಸುವರು. ಬಿಟ್ಟವನಿಗೆ ಕೀರ್ತಿ, ಬಿಡಲ್ಪಟ್ಟದ್ದಕ್ಕೆ ಹೀನಾಯ ಎಂಬಂತಾಗಿದೆ. ಆದರೆ ಬಿಟ್ಟದ್ದೆಲ್ಲ ತ್ಯಾಗವಾಗಲಾರದೆಂದು ಶಾಸ್ತ್ರಕಾರರು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದರು. ಗೀತೆಯ ಹದಿನೆಂಟನೆಯ ಅಧ್ಯಾಯವು ಈ ವಿಚಾರದಿಂದಲೇ ಆರಂಭವಾಗಿ, ತ್ಯಾಗದಲ್ಲಿ ಮೂರು ಬಗೆಗಳನ್ನು ಹೇಳುತ್ತದೆ. ತಿಳಿವಳಿಕೆಯಿಲ್ಲದೆ ಕರ್ತವ್ಯವನ್ನು ಕೈಬಿಡುವುದು ತಾಮಸವು. ಮೈಗೆ ಶ್ರಮವಾದೀತೆಂಬ ಭಯದಿಂದ ಬಿಡುವುದು ರಾಜಸವು. ಮಾಡತಕ್ಕುದನ್ನು ಮಾಡಿ, ಅದರ ಮೇಲಣ ಆಸೆಯನ್ನು ಮಾತ್ರ ಬಿಡುವುದು ಸಾತ್ತ್ವಿಕವು. ಅಲ್ಲಿ ಹೇಳಿರುವುದು ಕರ್ಮದ ವಿಷಯವಾದರೂ ವಸ್ತುವಿನ ವಿಷಯದಲ್ಲಿಯೂ ಅದೇ ಪ್ರಶ್ನೆ ಏಳುತ್ತದೆ. ಒಂದು ವಸ್ತುವನ್ನು ಬೇಡವೆಂದು ಬಿಟ್ಟವನಿಗೆ ಆ ವಸ್ತುವಿನ ವಿಷಯದಲ್ಲಿ ಕರ್ತವ್ಯವೇನಾದರೂ ಉಳಿಯುವುದೇ? ಅಥವಾ ಕೈಬಿಟ್ಟ ಕ್ಷಣದಲ್ಲಿಯೇ ಅವನು ಋಣಮುಕ್ತನೇ?

ಈ ಪ್ರಶ್ನೆಯನ್ನು ಶಬ್ದಗಳಲ್ಲಿಯೇ ಚರ್ಚಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ಆದಕಾರಣ ಒಂದು ಪದಾರ್ಥವನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರಮಾಡುವುದು ಯುಕ್ತವು. ಅದಕ್ಕೆ ಕಾರ್ಖಾನೆಗಳಿಂದ ಹೊರಬೀಳುವ ಲೋಹದ ಗುಜರಿಗಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ. ಎಲೆಯಲ್ಲಿ ಉಳಿದ ಅನ್ನವು ಗೊಬ್ಬರವಾಗುತ್ತದೆ. ಹರಕು ಬಟ್ಟೆಯು ಕೆಲಕಾಲದಲ್ಲಿ ಮಣ್ಣಾಗುತ್ತದೆ. ಲೋಹವಾದರೋ ಕರಗಿ, ಇನ್ನೊಂದು ರೂಪವನ್ನು ತಾಳಿ, ಮತ್ತೆ ಮನುಷ್ಯರ ನಡುವೆಯೇ ಬಂದು ನಿಲ್ಲುತ್ತದೆ. ಇಂದು ಬಿಟ್ಟ ಚೂರು ನಾಳೆ ಸೇತುವೆಯ ಸರಳಾಗಬಹುದು, ಅಡಿಗೆಯ ಪಾತ್ರೆಯಾಗಬಹುದು, ಬಾವಿಯ ರಾಟೆಯ ಅಚ್ಚಾಗಬಹುದು. ಬಿಟ್ಟವನ ಗುಣದೋಷಗಳು ಬಿಟ್ಟ ವಸ್ತುವಿನ ಸಂಗಡ ಎಷ್ಟು ದೂರ ಹೋಗುವುವೆಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹಿಂದಿನ ಕಾಲದ ವ್ಯವಹಾರದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಗೃಹಿಣಿಯು ತೂತುಬಿದ್ದ ಹಿತ್ತಾಳೆಯ ತಪ್ಪಲೆಯನ್ನು ಕಂಚುಗಾರನಿಗೆ ತೂಕಕ್ಕೆ ಕೊಟ್ಟು, ಮೇಲೆ ಮಜೂರಿಯನ್ನು ತೆತ್ತು, ಹೊಸದನ್ನು ಮಾಡಿಸಿಕೊಳ್ಳುತ್ತಿದ್ದಳು. ಅನೇಕವೇಳೆ ಆ ಪಾತ್ರೆಯನ್ನು ಮೊದಲು ಮಾಡಿದವನೂ ಅವನೇ, ಅಥವಾ ಅವನ ತಂದೆ. ಅದರಲ್ಲಿ ಏನು ಬೆರೆತಿದೆ, ಎಲ್ಲಿ ಬೆಸುಗೆ ಬಿದ್ದಿದೆ ಎಂಬುದು ಅವನಿಗೆ ಗೊತ್ತಿತ್ತು. ಕುಳ ಸವೆದರೆ ಒಕ್ಕಲಿಗನು ಊರ ಕಮ್ಮಾರನ ಬಳಿಗೆ ಹೋಗುತ್ತಿದ್ದನು, ಅಲ್ಲಿಯೂ ಹಾಗೆಯೇ. ಅಕ್ಕಸಾಲೆಯ ಅಂಗಡಿಯ ಕಸವನ್ನು ಸಹ ಜಲಗಾರನು ಕೊಂಡು ತೊಳೆದು ಹೊನ್ನಿನ ಕಣಗಳನ್ನು ಆರಿಸುತ್ತಿದ್ದನು. ವಸ್ತುವು ಕೈಯಿಂದ ಕೈಗೆ ಹೋಗುವಾಗ ಅದರ ವೃತ್ತಾಂತವೂ ಬಾಯಿಂದ ಕಿವಿಗೆ ಹೋಗುತ್ತಿತ್ತು. ಕೊಟ್ಟವನೂ ಕೊಂಡವನೂ ಮುಖಾಮುಖಿಯಾಗಿದ್ದುದೇ ಇದಕ್ಕೆ ಕಾರಣವು.

ಈಗಿನ ಕಾರ್ಖಾನೆಯ ಸ್ಥಿತಿ ಬೇರೆ. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ದೊಡ್ಡ ಕಾರ್ಖಾನೆಗಳಿವೆ. ಅವುಗಳಲ್ಲಿ ಒಂದು ಲೇಥಿನ ಮುಂದೆ ಅರ್ಧ ಗಳಿಗೆ ನಿಂತು ನೋಡಿದರೆ ಗುಜರಿಯು ಹುಟ್ಟುವ ಬಗೆ ತಿಳಿಯುತ್ತದೆ. ತಿರುಗುವ ಉಕ್ಕಿನ ಕಂಬಿಯನ್ನು ಉಳಿಯು ಹೆರೆಯುತ್ತಿರಲು, ಕೊಬ್ಬರಿ ತುರಿಯಂತೆ ಸಣ್ಣ ಚೂರುಗಳೂ, ಬಡಗಿಯ ಹತ್ತರಿಯಿಂದ ಬೀಳುವಂತಹ ಉದ್ದನೆಯ ಸುರುಳಿಗಳೂ ಕೆಳಗಿನ ತಟ್ಟೆಗೆ ಬೀಳುತ್ತವೆ. ಉಳಿಯು ಕಾಯದಿರಲೆಂದು ಸುರಿಯುವ ಎಣ್ಣೆನೀರು ಅವುಗಳಿಗೆ ಅಂಟಿಕೊಂಡಿರುತ್ತದೆ. ಪಕ್ಕದ ಪ್ರೆಸ್ಸಿನಲ್ಲಿ ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸಿದ ಮೇಲೆ ತೂತು ತೂತಾದ ಜಾಲರಿ ಉಳಿಯುತ್ತದೆ. ಎರಕದ ಮನೆಯಲ್ಲಿ ಅಚ್ಚಿಗೆ ಲೋಹವು ಇಳಿದುಹೋದ ಕಾಲುವೆಗಳು ಗಟ್ಟಿಯಾಗಿ ನಿಲ್ಲುತ್ತವೆ. ಅವನ್ನು ಮುರಿದು ಅಲ್ಲಿಯೇ ಮತ್ತೆ ಕುಲುಮೆಗೆ ಹಾಕುವರು. ಉಳಿದವೆಲ್ಲ ಅಂಗಳದ ಮೂಲೆಯ ತೊಟ್ಟಿಯನ್ನು ಸೇರಿ, ತಿಂಗಳಿಗೊಮ್ಮೆಯೋ ವಾರಕ್ಕೊಮ್ಮೆಯೋ ಹೆಚ್ಚು ಬೆಲೆ ಕೂಗಿದವನ ಲಾರಿಯನ್ನು ಏರುತ್ತವೆ.

ಈ ಚೂರುಗಳಿಗೆ ಎಷ್ಟರಮಟ್ಟಿನ ಬೆಲೆಯುಂಟೆಂಬುದನ್ನು ಕಾಸಿನ ಲೆಕ್ಕದಲ್ಲಿ ಮಾತ್ರ ನೋಡಿದರೆ ಸಾಲದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಕೆಲಸವನ್ನಾರಂಭಿಸಿದಾಗ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಅದನ್ನು ಕರಗಿಸಿದ್ದು ಮಲೆನಾಡಿನ ಮರಗಳ ಇದ್ದಿಲು. ಅಂದಿನ ಭದ್ರಾವತಿಯ ಕಬ್ಬಿಣದ ಪ್ರತಿಯೊಂದು ತುಂಡಿನಲ್ಲಿಯೂ ಕಾಡಿನ ಒಂದು ಭಾಗವಿತ್ತೆಂದರೆ ಅತಿಶಯೋಕ್ತಿಯಲ್ಲ. ಕುದುರೆಮುಖದ ಗಣಿಯು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಕೊನೆಗೆ ನಿಂತಿತು. ಬಳ್ಳಾರಿಯ ಗಣಿಗಾರಿಕೆಯನ್ನು ಅದೇ ನ್ಯಾಯಾಲಯವು ೨೦೧೧ರಲ್ಲಿ ತಡೆಹಿಡಿದು, ಅನಂತರ ಕಟ್ಟುಪಾಡುಗಳಿಗೆ ಒಳಪಡಿಸಿತು. ಹೊಸ ಲೋಹವು ಬೆಟ್ಟ, ಕಾಡು, ನೀರುಗಳ ವೆಚ್ಚದಿಂದಲೇ ಬರತಕ್ಕದ್ದೆಂಬುದನ್ನು ಈ ನಾಡು ಅನುಭವದಿಂದ ಅರಿತಿದೆ. ಒಂದು ಟನ್ ಉಕ್ಕಿನ ಗುಜರಿಯನ್ನು ಮರಳಿ ಬಳಸಿದರೆ ಸುಮಾರು ೧,೪೦೦ ಕಿಲೋಗ್ರಾಂ ಅದಿರೂ, ೭೪೦ ಕಿಲೋಗ್ರಾಂ ಕಲ್ಲಿದ್ದಲೂ, ೧೨೦ ಕಿಲೋಗ್ರಾಂ ಸುಣ್ಣಕಲ್ಲೂ ಉಳಿಯುವುವೆಂಬುದು ಉಕ್ಕಿನ ಉದ್ಯಮದವರ ಲೆಕ್ಕವು. ಅಲ್ಯೂಮಿನಿಯಂನ ವಿಷಯದಲ್ಲಿ ಉಳಿತಾಯವು ಇನ್ನೂ ಹೆಚ್ಚು. ಅದಿರಿನಿಂದ ತೆಗೆಯಲು ಬೇಕಾಗುವ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲಿನಿಂದಲೇ ಹಳೆಯದನ್ನು ಕರಗಿಸಿ ಹೊಸದು ಮಾಡಬಹುದು.

ಇಷ್ಟನ್ನು ಕೇಳಿದ ಕೂಡಲೆ ಪೂರ್ವಪಕ್ಷಿಯು ಹೇಳಬಹುದು: “ಹಾಗಾದರೆ ಇದರಲ್ಲಿ ಧರ್ಮಚರ್ಚೆಗೆ ಅವಕಾಶವೆಲ್ಲಿ? ಗುಜರಿಗೆ ಬೆಲೆಯುಂಟು, ಬೆಲೆಯಿರುವುದನ್ನು ಯಾರೂ ತಿಪ್ಪೆಗೆ ಎಸೆಯರು. ಕಾರ್ಖಾನೆಯವನು ಲಾಭಕ್ಕಾಗಿ ಮಾರುವನು, ಗುಜರಿಯವನು ಲಾಭಕ್ಕಾಗಿ ಕೊಳ್ಳುವನು, ಕುಲುಮೆಯವನು ಲಾಭಕ್ಕಾಗಿ ಕರಗಿಸುವನು. ಲೋಭವೇ ಇಲ್ಲಿ ಲೋಕೋಪಕಾರವನ್ನು ಮಾಡುತ್ತಿರಲು ಧರ್ಮವು ನಡುವೆ ಬಂದು ಮಾಡತಕ್ಕದ್ದೇನು? ಮಾರಿದ ಮೇಲೆ ಸ್ವಾಮ್ಯವು ಕೊಂಡವನದು. ಅದರ ಗುಣವೂ ದೋಷವೂ ಅವನವೇ.” ಈ ವಾದವು ಹುಡುಗಾಟದ್ದಲ್ಲ. ಲೋಕದ ಬಹುಪಾಲು ಲೋಹವು ಮರಳಿ ಕುಲುಮೆ ಸೇರುವುದು ಈ ಲಾಭದ ಬಲದಿಂದಲೇ. ಆದರೂ ಈ ವಾದದಲ್ಲಿ ಒಂದು ನ್ಯೂನತೆಯಿದೆ. ಅದನ್ನು ತಿಳಿಯಬೇಕಾದರೆ ಕುಲುಮೆಯು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಮೊದಲು ನೋಡಬೇಕು.

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ, ಹನ್ನೆರಡು ವರುಷ ಓದಿ ಗರ್ವದಿಂದ ಮನೆಗೆ ಬಂದ ಶ್ವೇತಕೇತುವಿಗೆ ತಂದೆಯಾದ ಉದ್ದಾಲಕನು ಮೂರು ದೃಷ್ಟಾಂತಗಳನ್ನು ಹೇಳುತ್ತಾನೆ. ಒಂದು ಮಣ್ಣಿನ ಮುದ್ದೆಯದು, ಒಂದು ಹೊನ್ನಿನ ಗಟ್ಟಿಯದು, ಒಂದು ಉಗುರು ತೆಗೆಯುವ ಕಬ್ಬಿಣದ ಸಾಧನದ್ದು. ಮೂಲದ್ರವ್ಯವನ್ನು ಅರಿತರೆ ಅದರಿಂದಾದುದೆಲ್ಲವನ್ನೂ ಅರಿತಂತೆ. ಆಕಾರವೂ ಹೆಸರೂ ಮಾತಿನ ಆಸರೆಯಿಂದ ನಿಂತವು, ದ್ರವ್ಯವೇ ಸತ್ಯವೆಂಬುದು ಅದರ ತಾತ್ಪರ್ಯವು. ಪರಮಾರ್ಥವನ್ನು ಬೋಧಿಸಲು ಹೊರಟ ಋಷಿಯ ಈ ಮಾತು ತನ್ನ ಸ್ಥಾನದಲ್ಲಿ ಸರ್ವಮಾನ್ಯವಾದುದು. ಮೇಲುನೋಟಕ್ಕೆ ಕುಲುಮೆಯೂ ಇದನ್ನೇ ಸಾರುವಂತೆ ಕಾಣುತ್ತದೆ. ಅದರೊಳಕ್ಕೆ ಬೀಗವೂ ಕೀಲಿಯೂ, ಕತ್ತಿಯೂ ಕುಡುಗೋಲೂ ಹೋಗಲಿ. ಹೊರಗೆ ಬರುವಾಗ ಎಲ್ಲವೂ ಒಂದೇ ದ್ರವವು.

ಆದರೆ ವ್ಯವಹಾರದಲ್ಲಿ ಹೆಸರೆಂಬುದು ಬರಿಯ ಶಬ್ದವಲ್ಲ. ಕಾರ್ಖಾನೆಯಲ್ಲಿ ಒಂದು ಉಕ್ಕಿಗೆ ಒಂದು ಹೆಸರನ್ನೋ ಸಂಖ್ಯೆಯನ್ನೋ ಇಡುವುದು ಅದರಲ್ಲಿ ಯಾವ ಯಾವ ಧಾತುಗಳು ಎಷ್ಟೆಷ್ಟು ಬೆರೆತಿವೆಯೆಂದು ಸೂಚಿಸುವುದಕ್ಕಾಗಿ. ಅಡಿಗೆಮನೆಯ ತುಕ್ಕುಹಿಡಿಯದ ಉಕ್ಕಿನ ಒಂದು ಸಾಮಾನ್ಯ ಜಾತಿಯಲ್ಲಿ ನೂರಕ್ಕೆ ಸುಮಾರು ೧೮ ಪಾಲು ಕ್ರೋಮಿಯಂ, ೮ ಪಾಲು ನಿಕ್ಕಲ್ ಇರುತ್ತದೆ. ಕುಲುಮೆಯು ಆಕಾರವನ್ನು ಅಳಿಸುತ್ತದೆ, ಬೆರಕೆಯನ್ನು ಅಳಿಸಲಾರದು. ತಾಮ್ರವೇ ಇದಕ್ಕೆ ಸಾಕ್ಷಿ. ಉಕ್ಕನ್ನು ಕರಗಿಸಿ ಆಮ್ಲಜನಕವನ್ನು ಊದಿದಾಗ ಸಿಲಿಕಾನ್, ಮ್ಯಾಂಗನೀಸ್ ಮುಂತಾದವು ಉರಿದು ಕಿಟ್ಟವಾಗಿ ಮೇಲಕ್ಕೆ ತೇಲುತ್ತವೆ. ತಾಮ್ರವಾದರೋ ಕಬ್ಬಿಣಕ್ಕಿಂತ ಸುಲಭವಾಗಿ ಆಮ್ಲಜನಕದೊಡನೆ ಸೇರತಕ್ಕದ್ದಲ್ಲವಾದ್ದರಿಂದ ದ್ರವದಲ್ಲಿಯೇ ಉಳಿದುಬಿಡುತ್ತದೆ. ಅಂತಹ ಉಕ್ಕನ್ನು ಮುಂದೆ ಕಾಸಿ ತಗಡಾಗಿ ಒತ್ತುವಾಗ ಮೇಲ್ಮೈಯ ಕಬ್ಬಿಣವು ಹಕ್ಕಳೆಯಾಗಿ ಉದುರುತ್ತದೆ. ತಾಮ್ರವು ಉದುರದೆ ಅಲ್ಲಿಯೇ ಶೇಖರವಾಗುತ್ತದೆ. ೧,೦೮೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗತಕ್ಕ ಆ ತಾಮ್ರವು ಉಕ್ಕಿನ ಕಣಗಳ ಸಂದುಗಳೊಳಗೆ ಇಳಿದು ಬಿರುಕನ್ನುಂಟುಮಾಡುತ್ತದೆ. ಕಟ್ಟಡದ ಸರಳಿನಲ್ಲಿ ನೂರಕ್ಕೆ ಸುಮಾರು ೦.೪ರವರೆಗೆ ತಾಮ್ರವನ್ನು ಸಹಿಸಬಹುದು. ಮೋಟಾರುಗಾಡಿಯ ಮೈಗೆ ಬೇಕಾದ ತೆಳು ತಗಡಿನಲ್ಲಿ ಸುಮಾರು ೦.೦೬ಕ್ಕೆ ಮೀರಬಾರದು. ಬೆರೆತ ಮೇಲೆ ಇರುವ ರೂಢಿಯ ಉಪಾಯವೆಂದರೆ ಅದಿರಿನಿಂದ ತೆಗೆದ ಹೊಸ ಕಬ್ಬಿಣವನ್ನು ಸೇರಿಸಿ ದೋಷವನ್ನು ತೆಳುವು ಮಾಡುವುದು. ಎಂದರೆ, ತೊಟ್ಟಿಯೊಂದಕ್ಕೆ ಅಜಾಗ್ರತೆಯಿಂದ ಬಿದ್ದ ತಾಮ್ರದ ತಂತಿಯ ಸುರುಳಿಗಾಗಿ ಎಲ್ಲಿಯೋ ಒಂದು ಬೆಟ್ಟವನ್ನು ಇನ್ನಷ್ಟು ಅಗೆಯಬೇಕಾಗುತ್ತದೆ.

ಕಾರ್ಖಾನೆಯ ಗುಜರಿಗೂ ಬೀದಿಯ ಹಳೆಯ ಗುಜರಿಗೂ ಇರುವ ಮುಖ್ಯ ಭೇದವು ಇಲ್ಲಿ ತಿಳಿಯತಕ್ಕದ್ದು. ಐವತ್ತು ವರುಷ ದುಡಿದು ಮುರಿದ ಯಂತ್ರದಲ್ಲಿ ಏನೇನಿದೆಯೆಂಬುದನ್ನು ಯಾರೂ ನಿಶ್ಚಯವಾಗಿ ಹೇಳಲಾರರು. ಲೇಥಿನ ಕೆಳಗೆ ಬಿದ್ದ ಸುರುಳಿಯಾದರೋ ಐದು ನಿಮಿಷದ ಹಿಂದೆ ಗುಣಪತ್ರದೊಡನೆ ಬಂದ ಕಂಬಿಯ ಭಾಗವಾಗಿದ್ದಿತು. ಅದರ ಹೆಸರು, ಊರು, ಗುಣ ಎಲ್ಲವೂ ಕಾರ್ಖಾನೆಯವನಿಗೆ ಗೊತ್ತು. ಬೆಳಗ್ಗೆ ಉಕ್ಕು, ಮಧ್ಯಾಹ್ನ ಹಿತ್ತಾಳೆ, ಸಂಜೆ ಅಲ್ಯೂಮಿನಿಯಂ ಹೆರೆದು, ರಾತ್ರಿ ಮೂರನ್ನೂ ಒಂದೇ ಪೊರಕೆಯಿಂದ ಗುಡಿಸಿ ಒಂದೇ ತೊಟ್ಟಿಗೆ ಸುರಿದಾಗ ನಷ್ಟವಾಗುವುದು ಈ ಅರಿವು. ಲೋಹವು ನಷ್ಟವಾಗಲಿಲ್ಲ, ತೂಕವೂ ಕಡಮೆಯಾಗಲಿಲ್ಲ. ಅದು ಏನೆಂಬ ತಿಳಿವಳಿಕೆ ಮಾತ್ರ ಹೋಯಿತು.

ಹಳೆಯ ಓಲೆಗರಿಯ ಕಟ್ಟುಗಳನ್ನು ಶೋಧಿಸುವ ಪಂಡಿತರಿಗೆ ಈ ಕಷ್ಟದ ಸ್ವರೂಪವು ತಿಳಿದೇ ಇದೆ. ಗ್ರಂಥದ ಕೊನೆಯಲ್ಲಿ ಕರ್ತೃವಿನ ಹೆಸರು, ಪ್ರತಿಕಾರನ ಹೆಸರು, ಕಾಲ, ಸ್ಥಳಗಳನ್ನು ಹೇಳುವ ಗರಿಯೊಂದಿರುತ್ತದೆ. ಆ ಒಂದು ಗರಿ ಕಳೆದುಹೋದರೆ ಉಳಿದ ಇನ್ನೂರು ಗರಿಗಳು ಅನಾಥವಾಗುತ್ತವೆ. ಭಾಷೆಯನ್ನೂ ಛಂದಸ್ಸನ್ನೂ ಲಿಪಿಯನ್ನೂ ನೋಡಿ ಊಹಿಸುತ್ತ ಒಂದು ಜನ್ಮವನ್ನೇ ಸವೆಸಬೇಕಾಗುತ್ತದೆ. ಗುಜರಿಯ ಅಂಗಡಿಯಲ್ಲಿ ಕುಳಿತು ರಾಶಿಯನ್ನು ವಿಂಗಡಿಸುವ ಕೆಲಸಗಾರನು ಮಾಡುವುದೂ ಇದೇ ಕೆಲಸವನ್ನು. ಅವನು ಅಯಸ್ಕಾಂತವನ್ನು ಹಿಡಿದು ನೋಡುತ್ತಾನೆ. ಅದಕ್ಕೆ ಅಂಟದ ಉಕ್ಕೂ ಉಂಟೆಂಬುದು ಅವನಿಗೆ ಗೊತ್ತು. ಅರದಿಂದ ಉಜ್ಜಿ ಒಳಗಿನ ಬಣ್ಣವನ್ನು ನೋಡುತ್ತಾನೆ. ತಟ್ಟಿ ನಾದವನ್ನು ಕೇಳುತ್ತಾನೆ. ಸಾಣೆಕಲ್ಲಿಗೆ ಹಿಡಿದು, ಹಾರುವ ಕಿಡಿಗಳು ಉದ್ದವೋ ಗಿಡ್ಡವೋ, ತುದಿಯಲ್ಲಿ ನಕ್ಷತ್ರದಂತೆ ಒಡೆಯುವುವೋ ಇಲ್ಲವೋ ಎಂಬುದರಿಂದ ಉಕ್ಕಿನಲ್ಲಿ ಇಂಗಾಲವು ಎಷ್ಟಿದೆಯೆಂದು ಅಂದಾಜು ಮಾಡುತ್ತಾನೆ. ಇದು ವಿದ್ಯೆಯಲ್ಲದೆ ಮತ್ತೇನು? ಪಾಠಶಾಲೆಯ ಮೆಟ್ಟಿಲನ್ನು ಹತ್ತದವನ ಈ ಪ್ರತ್ಯಕ್ಷಾನುಮಾನಗಳ ನೈಪುಣ್ಯವನ್ನು ಕಂಡು ತಾರ್ಕಿಕನು ತಲೆದೂಗಬೇಕು. ಆದರೆ ಒಬ್ಬನು ಒಂದು ಚೀಟಿಯಲ್ಲಿ ಬರೆದು ತಿಳಿಸಬಹುದಾಗಿದ್ದುದನ್ನು ತಿಳಿಸದೆ ಹೋದುದರಿಂದ ಇನ್ನೊಬ್ಬನು ದಿನವೆಲ್ಲ ಹೊಗೆ ಧೂಳುಗಳಲ್ಲಿ ಕುಳಿತು ಊಹಿಸಬೇಕಾಯಿತೆಂಬುದೂ ಅಷ್ಟೇ ನಿಜ.

ಪೂರ್ವಪಕ್ಷದ ನ್ಯೂನತೆಯು ಈಗ ಕಾಣುತ್ತದೆ. ಮಾರಾಟದಿಂದ ಸ್ವಾಮ್ಯವು ವರ್ಗವಾಗುತ್ತದೆ, ಸರಿ; ಅರಿವು ತಾನಾಗಿಯೇ ವರ್ಗವಾಗುವುದಿಲ್ಲ. ಅದನ್ನು ಬೇರೆಯಾಗಿ ಕೊಡಬೇಕು. ದಾನದ ಸಂಕಲ್ಪದಲ್ಲಿ ಸಹ ಕೊಡತಕ್ಕವನು ಸುಮ್ಮನೆ ಕೈ ಚಾಚುವುದಿಲ್ಲ. ಕೊಡುವ ವಸ್ತುವಿನ ಹೆಸರನ್ನು ಬಾಯಿಬಿಟ್ಟು ಹೇಳಿ ನೀರನ್ನು ಬಿಡುತ್ತಾನೆ. ಬೆಲೆಯನ್ನು ಪಡೆಯದೆ ಕೊಡುವ ದಾನದಲ್ಲಿಯೇ ಹೀಗಿರಲು, ಬೆಲೆಯನ್ನು ಎಣಿಸಿಕೊಳ್ಳುವ ವಿಕ್ರಯದಲ್ಲಿ ಹೇಳತಕ್ಕದ್ದೇನು? ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ದೋಷವುಳ್ಳುದನ್ನು ನಿರ್ದೋಷವೆಂದು ಮಾರುವವನಿಗೆ ದಂಡವನ್ನು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ. ಆದ್ದರಿಂದ ಕನ್ನಡನಾಡಿನ ವರ್ತಕರಿಗೆ ಇದು ಹೊಸ ಮಾತಲ್ಲ.

ಇದುವರೆಗೆ ಹೇಳಿದುದು ದ್ರವ್ಯದ ಹಾನಿ. ಅರಿವನ್ನು ಕೊಡದೆ ವಸ್ತುವನ್ನು ಮಾತ್ರ ಕೊಟ್ಟರೆ ಪ್ರಾಣಹಾನಿಯೂ ಉಂಟು. ಮುಚ್ಚಳ ಬಿಗಿದ ಕೊಳವೆಯೋ ಸಿಲಿಂಡರೋ ಗುಜರಿಯ ನಡುವೆ ಸೇರಿ ಕುಲುಮೆಗೆ ಬಿದ್ದರೆ ಒಳಗಿನ ಗಾಳಿಯೂ ತೇವವೂ ಹಿಗ್ಗಿ ಅದು ಸಿಡಿಯುತ್ತದೆ. ಒದ್ದೆಯಾದ ಚೂರುಗಳು ಕರಗಿದ ಲೋಹದ ಕೆಳಗೆ ಸಿಕ್ಕಿದರೆ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಲೋಹವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಮ್ಯಾಗ್ನೀಸಿಯಂನ ಸಣ್ಣ ಚೂರಿಗೆ ಬೆಂಕಿ ಹತ್ತಿದಾಗ, ಅದೇನೆಂದು ಅರಿಯದವನು ನೀರನ್ನು ಸುರಿದರೆ ಬೆಂಕಿ ಆರುವುದಕ್ಕೆ ಬದಲಾಗಿ ಇಮ್ಮಡಿಯಾಗುತ್ತದೆ. ಕುಲುಮೆಯ ಬಾಯಲ್ಲಿ ನಿಂತವನು ಈ ತೊಟ್ಟಿಯನ್ನು ತುಂಬಿದವನ ಮುಖವನ್ನೇ ನೋಡಿದವನಲ್ಲ. ಆದರೂ ಅವನ ಪ್ರಾಣವು ಆ ಕಾಣದ ಮನುಷ್ಯನ ಎಚ್ಚರಿಕೆಯ ವಶದಲ್ಲಿದೆ.

ಈ ಸಂಗತಿಯ ಅತ್ಯಂತ ಭಯಂಕರವಾದ ನಿದರ್ಶನಗಳು ಕಾರ್ಖಾನೆಯ ತೊಟ್ಟಿಯಿಂದ ಬಂದವಲ್ಲ, ವಿದ್ಯಾವಂತರ ಸಂಸ್ಥೆಗಳಿಂದ ಬಂದವು. ಆದರೆ ಅವೂ ಹಾದುಹೋದದ್ದು ಇದೇ ಗುಜರಿಯ ದಾರಿಯನ್ನೇ. ಆದ್ದರಿಂದ ಅವನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. ೧೯೮೩ರ ಕೊನೆಯಲ್ಲಿ ಮೆಕ್ಸಿಕೋ ದೇಶದ ಹ್ವಾರೆಸ್ ನಗರದಲ್ಲಿ, ಉಗ್ರಾಣದಲ್ಲಿ ಬಹುಕಾಲ ಬಿದ್ದಿದ್ದ ವಿಕಿರಣ ಚಿಕಿತ್ಸೆಯ ಯಂತ್ರವೊಂದು ಗುಜರಿಯ ಅಂಗಡಿಗೆ ಹೋಯಿತು. ಅದರಲ್ಲಿದ್ದ ಕೋಬಾಲ್ಟ್-೬೦ರ ಸಾವಿರಾರು ಗುಳಿಗೆಗಳು ಲೋಹದ ರಾಶಿಯಲ್ಲಿ ಬೆರೆತು ಕುಲುಮೆಗಳನ್ನು ಸೇರಿ ಕಟ್ಟಡದ ಸರಳುಗಳೂ ಮೇಜಿನ ಕಾಲುಗಳೂ ಆದವು. ೧೯೮೪ರ ಜನವರಿಯಲ್ಲಿ ಅಮೆರಿಕದ ಲಾಸ್ ಅಲಮೋಸಿನ ಅಣು ಪ್ರಯೋಗಾಲಯದ ಬಳಿ ಸರಳು ತುಂಬಿದ ಲಾರಿಯೊಂದು ಹಾಯ್ದುಹೋದಾಗ ಅಲ್ಲಿಯ ವಿಕಿರಣಸೂಚಕವು ಎಚ್ಚರಿಸಿದ್ದರಿಂದ ವಿಷಯವು ಹೊರಬಿದ್ದಿತು. ಅಷ್ಟರಲ್ಲಿ ಮನೆಗಳು ಎದ್ದಿದ್ದವು. ಮೆಕ್ಸಿಕೋದಲ್ಲಿ ನೂರಾರು ಕಟ್ಟಡಗಳನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ಕೆಡವಬೇಕಾಯಿತು. ೨೦೧೦ರಲ್ಲಿ ದೆಹಲಿಯ ವಿಶ್ವವಿದ್ಯಾಲಯವೊಂದರ ಪ್ರಯೋಗಶಾಲೆಯಲ್ಲಿ ಬಳಕೆ ತಪ್ಪಿ ಬಹು ವರುಷಗಳಾಗಿದ್ದ ಉಪಕರಣವು ಹರಾಜಿನಲ್ಲಿ ಮಾರಾಟವಾಗಿ ಮಾಯಾಪುರಿಯ ಗುಜರಿ ಪೇಟೆಯನ್ನು ಸೇರಿತು. ಅದರಲ್ಲಿಯೂ ಇದ್ದದ್ದು ಕೋಬಾಲ್ಟ್-೬೦. ಅದನ್ನು ಬಿಚ್ಚಿದವರಿಗೆ ಅದು ಸೀಸದ ಒಂದು ಭಾರವಾದ ಪೆಟ್ಟಿಗೆ ಮಾತ್ರ. ಒಬ್ಬ ಕೆಲಸಗಾರನು ಮರಣಹೊಂದಿದನು. ಹಲವರು ವಿಕಿರಣದ ಗಾಯಗಳಿಂದ ಬಳಲಿದರು.

ಇವುಗಳ ನಡುವೆ, ೧೯೮೭ರ ಸೆಪ್ಟೆಂಬರಿನಲ್ಲಿ, ಬ್ರೆಜಿಲ್ ದೇಶದ ಗೋಯಾನಿಯಾದಲ್ಲಿ ನಡೆದ ಸಂಗತಿಯು ವಿಚಾರಪರರಿಗೆ ವಿಶೇಷವಾಗಿ ಮನನೀಯವು. ಚಿಕಿತ್ಸಾಲಯವೊಂದು ಬೇರೆ ಕಡೆಗೆ ಹೋಗುವಾಗ ಸೀಸಿಯಂ-೧೩೭ ಇದ್ದ ಯಂತ್ರವನ್ನು ಹಳೆಯ ಕಟ್ಟಡದಲ್ಲಿಯೇ ಬಿಟ್ಟುಹೋಗಿತ್ತು, ಅಧಿಕಾರಿಗಳಿಗೆ ತಿಳಿಸಿರಲಿಲ್ಲ. ಇಬ್ಬರು ಅದನ್ನು ಕಳಚಿ ಗುಜರಿಯವನಿಗೆ ಮಾರಿದರು. ಒಳಗಿನ ಪುಡಿಯು ಕತ್ತಲೆಯಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅಂಗಡಿಯ ಯಜಮಾನನು ಅದನ್ನು ಅಪೂರ್ವ ವಸ್ತುವೆಂದು ನೆಂಟರಿಷ್ಟರಿಗೆ ಹಂಚಿದನು. ನಾಲ್ವರು ಸತ್ತರು, ಅವರಲ್ಲಿ ಒಂದು ಆರು ವರುಷದ ಹೆಣ್ಣುಮಗು. ಸುತ್ತಲಿನವರು ಒಬ್ಬೊಬ್ಬರಾಗಿ ಕಾಯಿಲೆ ಬೀಳುತ್ತಿರುವುದನ್ನು ಕಂಡು ಈ ಪುಡಿಯೇ ಕಾರಣವಾಗಿರಬೇಕೆಂದು ಮೊದಲು ಶಂಕಿಸಿದವಳು ಆ ಯಜಮಾನನ ಹೆಂಡತಿ. ಉಳಿದುದನ್ನು ಚೀಲದಲ್ಲಿ ಹಾಕಿಸಿ, ಒಬ್ಬ ಕೆಲಸಗಾರನೊಡನೆ ಬಸ್ಸಿನಲ್ಲಿ ಹೋಗಿ ಆರೋಗ್ಯಾಧಿಕಾರಿಗಳ ಕಚೇರಿಗೆ ಒಪ್ಪಿಸಿದಳು. ಮುಂದಿನ ತಿಂಗಳು ಅವಳೂ ತೀರಿಕೊಂಡಳು. ತಿಳಿದವರು ತಿಳಿಸದೆ ಹೋದರು. ತಿಳಿಯದವಳು ತಿಳಿದುಕೊಂಡು, ತಿಳಿಸಿ, ಪ್ರಾಣವನ್ನು ತೆತ್ತಳು. ವಿದ್ಯೆಯಿದ್ದವರು ಮಾಡಿದ್ದು ವಿಸರ್ಜನೆ. ಅವಳು ಮಾಡಿದ್ದು ಸಮರ್ಪಣೆ.

ಇಲ್ಲಿ ಪೂರ್ವಪಕ್ಷಿಯು ಇನ್ನೊಂದು ಆಕ್ಷೇಪವನ್ನು ಎತ್ತಬಹುದು. “ಎರಡು ಲೇಥುಗಳನ್ನಿಟ್ಟುಕೊಂಡು, ಸಾಲದ ಕಂತನ್ನು ಕಟ್ಟುತ್ತ, ದೊಡ್ಡ ಕಂಪೆನಿಯವರು ಹೇಳಿದ ದರಕ್ಕೆ ದುಡಿಯುವ ಬಡ ಯಜಮಾನನು ಇಷ್ಟೆಲ್ಲವನ್ನೂ ಹೇಗೆ ಮಾಡಿಯಾನು? ಬಿಟ್ಟ ವಸ್ತುವಿನ ಹಿಂದೆ ಹೋಗುತ್ತಿದ್ದರೆ ಅವನು ಕೆಲಸವನ್ನು ಮಾಡುವುದು ಯಾವಾಗ? ಕರ್ತವ್ಯಕ್ಕೆ ಒಂದು ಮೇರೆ ಬೇಡವೇ?” ಮೇರೆ ಬೇಕೆಂಬುದು ಒಪ್ಪತಕ್ಕ ಮಾತೇ. ಮಾರಿದ ಕಬ್ಬಿಣದಿಂದ ಯಾವನೋ ಮುಂದೆ ಕತ್ತಿಯನ್ನು ಮಾಡಿ ಕೊಲೆಗೈದರೆ ಆ ಪಾಪವು ಮಾರಿದವನನ್ನು ಮುಟ್ಟುವುದೆಂದು ಯಾರೂ ಹೇಳರು. ಕರ್ತವ್ಯವು ಅರಿವಿನಷ್ಟೇ ದೂರ ಹೋಗುತ್ತದೆ. ತನಗೆ ತಿಳಿದಿರುವುದನ್ನು ತಿಳಿಸುವುದು, ತನ್ನ ಸ್ಥಾನದಲ್ಲಿರುವವನು ಸ್ವಲ್ಪ ಯತ್ನದಿಂದ ತಿಳಿದುಕೊಳ್ಳಬಹುದಾಗಿದ್ದುದನ್ನು ತಿಳಿದುಕೊಳ್ಳುವುದು, ತಿಳಿದದ್ದು ಕಳೆದುಹೋಗದಂತೆ ವಸ್ತುವನ್ನು ಬೇರ್ಪಡಿಸಿ ಇಡುವುದು, ಇಷ್ಟೇ ಅದರ ಎಲ್ಲೆ. ಇದನ್ನು ಮಾಡಿ ಕೊಟ್ಟ ಮೇಲೆ ಅವನು ನಿಜವಾಗಿಯೂ ಋಣಮುಕ್ತನು. ಹೆಚ್ಚು ಅರಿತವನಿಗೆ ಹೆಚ್ಚು ಹೊಣೆ. ಆದ್ದರಿಂದಲೇ ವಿಶ್ವವಿದ್ಯಾಲಯದ ಅಲಕ್ಷ್ಯವನ್ನೂ ಎರಡು ಲೇಥಿನವನ ಅಲಕ್ಷ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದರವನ್ನು ಕಟ್ಟುವ ದೊಡ್ಡ ಕಂಪೆನಿಯು, ತಾನು ಒದಗಿಸುವ ಕಂಬಿಯ ಚೂರುಗಳು ಎಲ್ಲಿಗೆ ಹೋಗುವುವೆಂದು ಕೇಳದೆ ಇದ್ದರೆ, ಆ ಹೊಣೆಯಲ್ಲಿ ಅದಕ್ಕೂ ಪಾಲುಂಟು.

ಮಾಡತಕ್ಕುದು ದೊಡ್ಡ ಕಾರ್ಯವೇನೂ ಅಲ್ಲ. ಒಂದು ಲೋಹಕ್ಕೆ ಒಂದು ತೊಟ್ಟಿ. ಪ್ರತಿಯೊಂದಕ್ಕೂ ಒಂದೊಂದು ಬಣ್ಣ. ಓದು ಬಾರದ ಕೆಲಸಗಾರನಿಗೂ ಬಣ್ಣವು ತಿಳಿಯುತ್ತದೆ. ಒಂದು ಲೋಹದ ಕೆಲಸ ಮುಗಿದ ಮೇಲೆ ಯಂತ್ರದ ತಟ್ಟೆಯನ್ನು ಗುಡಿಸಿ, ಅನಂತರವೇ ಇನ್ನೊಂದನ್ನು ಹಿಡಿಯುವುದು. ಎಣ್ಣೆಯನ್ನು ಬಸಿದು, ಸಾಧ್ಯವಾದರೆ ತಿರುಗಿಸಿ ಹಿಂಡಿ, ಆ ಎಣ್ಣೆಯನ್ನು ಸೋಸಿ ಮತ್ತೆ ಉಪಯೋಗಿಸುವುದು. ಮಳೆ ಬೀಳದ ಸೂರಿನ ಕೆಳಗೆ ರಾಶಿಯನ್ನು ಇಡುವುದು. ಮುಚ್ಚಿದ ಪಾತ್ರೆಗಳನ್ನು ತೆರೆದು ಕೊಡುವುದು. ತೂಕದ ಚೀಟಿಯೊಡನೆ ಲೋಹದ ಹೆಸರಿನ ಚೀಟಿಯನ್ನೂ ಕಳುಹಿಸುವುದು. ಬೇರ್ಪಡಿಸಿದ ಗುಜರಿಗೆ ಬೆರಕೆಯದಕ್ಕಿಂತ ಹೆಚ್ಚು ಬೆಲೆ ಬರುತ್ತದೆಯಾದ್ದರಿಂದ ಇಲ್ಲಿ ಧರ್ಮವೂ ಅರ್ಥವೂ ಬಹುದೂರ ಜೊತೆಯಾಗಿಯೇ ನಡೆಯುತ್ತವೆ. ಅಪಾಯಕಾರಿಯಾದ ಪದಾರ್ಥಗಳ ವಿಷಯದಲ್ಲಿ ಭಾರತ ಸರ್ಕಾರವು ೨೦೧೬ರಲ್ಲಿ ಮಾಡಿದ ನಿಯಮಗಳು, ಕಳುಹಿಸಿದವನಿಂದ ತಲಪಿದವನವರೆಗೂ ವಿವರದ ಪತ್ರವೊಂದು ಸರಕಿನೊಡನೆ ಹೋಗತಕ್ಕದ್ದೆಂದು ವಿಧಿಸಿವೆ. ಉಕ್ಕಿನ ಗುಜರಿಯ ವಿಷಯವಾಗಿ ೨೦೧೯ರಲ್ಲಿ ಒಂದು ನೀತಿಯು ಪ್ರಕಟವಾಯಿತು. ಆದರೆ ರಾಜಶಾಸನವು ಪತ್ರವನ್ನು ಬರೆಯಿಸಬಲ್ಲುದು. ಪತ್ರದಲ್ಲಿ ಬರೆದುದು ನಿಜವಾಗಿರುವಂತೆ ನೋಡಿಕೊಳ್ಳತಕ್ಕದ್ದು ಬರೆಯುವವನ ಅಂತಃಕರಣವೇ. ಲಾಭವೂ ಇಲ್ಲದೆ, ನೋಡುವವರೂ ಇಲ್ಲದೆ ಇರುವ ಕಡೆಯಲ್ಲಿಯೇ ಅದರ ಪರೀಕ್ಷೆ.

ಗೃಹಸ್ಥರಿಗೆ ಇದರಲ್ಲಿ ಕೆಲಸವಿಲ್ಲವೆಂದು ತಿಳಿಯಬಾರದು. ಹಳೆಯ ಮೊಬೈಲಿನ ಬ್ಯಾಟರಿಯನ್ನು ಹಳೆಯ ಪಾತ್ರೆಗಳ ನಡುವೆ ಹಾಕಿ ಕೊಟ್ಟರೆ ಅದು ಜಜ್ಜಿಹೋದಾಗ ಬೆಂಕಿಯನ್ನು ಹುಟ್ಟಿಸುತ್ತದೆ. ಬಾಗಿಲಿಗೆ ಬಂದ ಗುಜರಿಯವನೊಡನೆ ನಾಲ್ಕು ಕಾಸಿಗಾಗಿ ಚೌಕಾಸಿ ಮಾಡುವ ಮನೆಯವರು, ಯಾವುದರೊಳಗೆ ಏನಿದೆಯೆಂದು ಅವನಿಗೆ ಒಂದು ಮಾತು ಹೇಳುವುದು ಎಷ್ಟರ ಶ್ರಮ?

ಇನ್ನೊಂದು ಎಚ್ಚರಿಕೆಯೂ ಅವಶ್ಯವು. ಮರಳಿ ಬಳಸಬಹುದೆಂಬ ಸಮಾಧಾನವು ಹೆಚ್ಚು ಹೆಚ್ಚು ಬಿಡುವುದಕ್ಕೆ ಅನುಮತಿಯಾಗಬಾರದು. ಪ್ರಾಯಶ್ಚಿತ್ತವುಂಟೆಂಬ ಧೈರ್ಯದಿಂದ ತಪ್ಪನ್ನು ಮಾಡುವವನ ಬುದ್ಧಿಯಂತೆ ಅದು. ಪ್ರತಿ ಸಲ ಕರಗಿಸುವಾಗಲೂ ಸೌದೆಯೋ ಕಲ್ಲಿದ್ದಲೋ ವಿದ್ಯುತ್ತೋ ವ್ಯಯವಾಗುತ್ತದೆ. ಲೋಹದಲ್ಲಿಯೂ ಸ್ವಲ್ಪ ಉರಿದು ಕಿಟ್ಟವಾಗುತ್ತದೆ. ಜಾಣನಾದ ಸಿಂಪಿಗನು ಬಟ್ಟೆಯ ಮೇಲೆ ಗೆರೆಗಳನ್ನು ಒತ್ತ್ತಾಗಿ ಎಳೆದು ಚೂರು ಬೀಳದಂತೆ ಕತ್ತರಿಸುವನು. ತಗಡಿನಿಂದ ಬಿಲ್ಲೆಯನ್ನು ತೆಗೆಯುವವನೂ ಹಾಗೆಯೇ ಯೋಚಿಸಿದರೆ ಗುಜರಿಯು ಹುಟ್ಟುವುದೇ ಕಡಮೆಯಾದೀತು. ಮೊದಲು ಮಿತವಾಗಿ ಬಿಡುವುದು, ಬಿಟ್ಟದ್ದನ್ನು ಬೇರ್ಪಡಿಸುವುದು, ಬೇರ್ಪಡಿಸಿದ್ದನ್ನು ಹೆಸರು ಹೇಳಿ ಕೊಡುವುದು ಎಂಬುದೇ ಕ್ರಮವು.

ಆದಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಇದರಿಂದ ಸಿದ್ಧವಾಗುತ್ತದೆ. ಬಿಟ್ಟವನಿಗೆ ಕರ್ತವ್ಯವು ಉಳಿಯುತ್ತದೆ. ಅದು ಅರಿವಿನ ಋಣವು. ಏನೆಂದು ಹೇಳದೆ ಮೂಲೆಗೆ ತಳ್ಳಿದುದು ತಾಮಸವು. ಬೇರ್ಪಡಿಸಲು ಬೇಸರವಾಗಿ ಒಟ್ಟುಗೂಡಿಸಿ ಮಾರಿದುದು ರಾಜಸವು. ಇದು ಇಂಥದು, ಇದರಲ್ಲಿ ಇಂಥ ಗುಣವೂ ಇಂಥ ಅಪಾಯವೂ ಉಂಟು ಎಂದು ತಿಳಿಸಿ, ಮುಂದೆ ಕೈಗೆತ್ತಿಕೊಳ್ಳುವವನಿಗೆ ಒಪ್ಪಿಸಿದುದಕ್ಕೆ ತ್ಯಾಗವೆಂಬ ಹೆಸರು ಸಲ್ಲತಕ್ಕದ್ದು. ಹಾಗೆ ಒಪ್ಪಿಸಿದ ಕಬ್ಬಿಣದ ಚೂರನ್ನು ಮತ್ತೆ ತ್ಯಾಜ್ಯವೆಂದು ಕರೆಯಲು ಕಾರಣವಿರುವುದಿಲ್ಲ.